ಕಾರಿಗೂ ಒಂದು ಗ್ಯಾಸ್ಕೆಟ್

ಗ್ಯಾಸ್ಕೆಟ್ ಎಂದರೆ ಕುಕ್ಕರಿನದು ಎಂದಷ್ಟೇ ತಿಳಿದಿದ್ದವಳು ನಾನು. 2014ರಲ್ಲೇ ತಯಾರಿಕೆ ನಿಂತುಹೋದ ಅಂಬಾಸಡರ್ ಕಾರಿಗೂ ಅದು ಇದೆಯೆಂದು ಗೊತ್ತಾದದ್ದು, ನಮ್ಮದರ ಎಂಜಿನ್ ಪಕ್ಕದಲ್ಲಿ ಆಯಿಲ್ ಇಳಿಯತೊಡಗಿದಾಗ. 1489 ಸಿಸಿ ಎಂಜಿನ್ನಿನ ನೆತ್ತಿಗೊಂದು ತಗಡಿನ ಮುಚ್ಚಳ. ಅದರಡಿ ವಾಲ್ವುಗಳನ್ನು ಒತ್ತುವ ರಾಕರ್‌ಗಳು. ಮುಚ್ಚಳದಂಚಿನ ಕಾರ್ಕ್ ಪಟ್ಟಿ ಕಾವಿಗೆ ಒಣಗಿ ಹಪ್ಪಳವಾಗಿತ್ತು.

ಇಂಥ ಕೆಲಸಕ್ಕೆ ನಮ್ಮವರು ಯಾರನ್ನೂ ಹತ್ತಿರ ಬಿಟ್ಟವರಲ್ಲ. ಆದರೆ ಆರು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದ ಮೇಲೆ ಅವರ ಬಲಗೈ ಮಾತು ಕೇಳುತ್ತಿರಲಿಲ್ಲ. ಅಂದು ಸ್ಪ್ಯಾನರನ್ನು ನನ್ನ ಕೈಗಿತ್ತು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಇದ್ದದ್ದು ಎರಡೇ ನಟ್ಟು, ಬಿಚ್ಚಿದೆ. ಹಳೆಯ ಚೂರು ಒಳಗೆ ಬೀಳದಂತೆ ಕೆರೆದು, ಅಂಚನ್ನು ಒರೆಸಿ, ಹೊಸ ಪಟ್ಟಿ ಕೂರಿಸಿದೆ. ಇನ್ನು ಸೋರಬಾರದೆಂದು ಬಲವಾಗಿ ತಿರುಗಿಸಹೊರಟರೆ, "ಸಾಕು ಕಣೇ! ಹೆಚ್ಚು ಬಿಗಿದರೆ ತಗಡು ಬಾಗತ್ತೆ, ಕಾರ್ಕ್ ಹಿಂಡಿಕೊಂಡು ಹೊರಗೆ ಬರತ್ತೆ, ಮತ್ತೆ ಸೋರತ್ತೆ" ಎಂದರು.

ಎಂಜಿನ್ ಚಾಲೂ ಮಾಡಿ ಕಾದೆವು. ಒಂದು ಹನಿಯೂ ಕಾಣಲಿಲ್ಲ.

ಮಾತ್ರೆ, ಪಥ್ಯ, ವ್ಯಾಯಾಮ ಎಂದು ಅವರನ್ನು ನಾನೂ ತುಸು ಹೆಚ್ಚೇ ಬಿಗಿದಿದ್ದೆನೇನೋ. ಸಂಜೆ ಕೋಲು ಹಿಡಿದು ಒಬ್ಬರೇ ಗೇಟಿನವರೆಗೆ ಹೊರಟರು. ನಾನು ಹಿಂದೆ ಓಡಲಿಲ್ಲ.