ಚೌಡಾಪುರದ ತಿರುವಿನಲ್ಲಿ

ಕಲಬುರಗಿಯಿಂದ ಅಫಜಲಪುರದ ಹಾದಿ ಹಿಡಿದ ದತ್ತಭಕ್ತರು ಗಾಣಗಾಪುರಕ್ಕೆ ಹೊರಳುವುದು ಚೌಡಾಪುರದಲ್ಲಿ. ಅಲ್ಲಿಯವರೆಗೆ ನೆಟ್ಟಗೆ ಓಡಿಬಂದ ನಮ್ಮ ಹಳೆಯ ಪಿಕಪ್ ಗಾಡಿಯ ಬಣ್ಣ ಬಯಲಾದದ್ದು ಆ ತಿರುವಿನಲ್ಲಿಯೇ. ಹೊಸದಾಗಿ ಪವರ್ ಸ್ಟೀಯರಿಂಗ್ ಹಾಕಿಸಿದ್ದೆವು. ಅದೋ ಎತ್ತಿಲ್ಲದ ಗಾಣದಂತೆ ಭಾರ, ಬಾನೆಟ್ಟಿನೊಳಗಿನ ನರಳಾಟ ಬೇರೆ! ಮಧ್ಯಾಹ್ನ ದತ್ತಗುರು ಭಿಕ್ಷೆಗೆ ಬರುವನೆಂಬ ನಂಬಿಕೆಯ ಊರು ಗಾಣಗಾಪುರ. ಪಕ್ಕದಲ್ಲಿ ಕುಳಿತ ನನ್ನ ವೃದ್ಧ ತಾಯಿಯ ಮಡಿಲಲ್ಲಿ ಭಿಕ್ಷೆಯ ರೊಟ್ಟಿಗಂಟು.

ರಸ್ತೆಬದಿಯ ಮಿಸ್ತ್ರಿ ಎಣ್ಣೆಡಬ್ಬಿಯ ಮುಚ್ಚಳ ತೆರೆದ. ಒಳಗೆಲ್ಲ ನೊರೆ.

“ಪಂಪಿಂದೇನೂ ತಪ್ಪಿಲ್ರಿ, ಎಣ್ಣ್ಯಾಗ ಗಾಳಿ ಹೊಕ್ಕದ.”

ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಿ ನಮ್ಮ ಕೈಗೆ ಬಲ ಕೊಡುತ್ತದೆ. ನಡುವೆ ಗಾಳಿ ಸೇರಿದರೆ ಒತ್ತಡವೆಲ್ಲ ಅದನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಪಂಪು ಎಣ್ಣೆ ಹೀರುವ ಕೊಳವೆಯ ಬಿಗಿಪಟ್ಟಿ ಸಡಿಲವಾಗಿತ್ತು. ತೊಟ್ಟೂ ಸೋರದೆ ಗಾಳಿಯನ್ನು ಮಾತ್ರ ಒಳಗೆಳೆಯುತ್ತಿದ್ದ ಆ ಕಳ್ಳಬಾಗಿಲು ನಮಗೆ ಕಾಣುವುದೆಂತು? ಮಿಸ್ತ್ರಿ ಪಟ್ಟಿ ಬಿಗಿದ; ಮುಂದಿನ ಗಾಲಿಗಳನ್ನು ಜಾಕಿನಿಂದೆತ್ತಿ, ಎಂಜಿನ್ ಆರಿಸಿಯೇ ಸ್ಟೀಯರಿಂಗನ್ನು ಎಡಬಲಕ್ಕೆ ಕೊನೆಯವರೆಗೆ ತಿರುಗಿಸೆಂದು ನನಗೆ ಹೇಳಿ, ಗುಳ್ಳೆಗಳು ನಿಲ್ಲುವತನಕ ಎಣ್ಣೆ ತುಂಬುತ್ತ ನಿಂತ. ಹೊಸ ಪಂಪು ಕೊಳ್ಳಲು ಹೊರಟಿದ್ದವನು ನಾನು!

ಗಾಣಗಾಪುರ ಸೇರಿದಾಗ ಹೊತ್ತಿನ್ನೂ ನೆತ್ತಿಗೇರಿರಲಿಲ್ಲ. ತಾಯಿ ರೊಟ್ಟಿ ನೀಡುತ್ತಿದ್ದಾಗ ನಾನು ಬಾನೆಟ್ಟೆತ್ತಿ ನೋಡಿದೆ. ಎಣ್ಣೆ ತಿಳಿಯಾಗಿತ್ತು.