ಹಾದಿ ಸವರುವವರು

ಜುಗೂಳದಲ್ಲಿ ಅಡವಿ ಇಲ್ಲ. ಕೃಷ್ಣೆಯ ದಂಡೆಗೆ ಅಂಟಿಕೊಂಡು ಕುಳಿತ ಈ ಊರಿನ ಸುತ್ತ ಕಣ್ಣು ಹಾಯುವ ತನಕ ಕಬ್ಬು. ಕಬ್ಬಿನ ನಡುವೆ ಗಾಡಿ, ಟ್ರ್ಯಾಕ್ಟರು ಹೋಗುವಷ್ಟು ಹಾದಿ. ಹೊಳೆಯ ಆಚೆ ದಂಡೆಗೆ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿಯ ಹನ್ನೆರಡನೆಯ ಶತಮಾನದ ಕೋಪೇಶ್ವರ ಗುಡಿ. ಇಂಥ ಊರಿನ ಮಕ್ಕಳಿಗೆ ಹುಲಿ ಎಂದರೆ ಪಠ್ಯಪುಸ್ತಕದ ಚಿತ್ರ, ಕಾಡೆಂದರೆ ಎಲ್ಲೋ ದೂರದ ದಾಂಡೇಲಿ. ಆದರೂ ಕಾಡಿನ ಹಾದಿಗಳ ಮಾತನ್ನು ಜುಗೂಳದಿಂದ ಆರಂಭಿಸುವುದಕ್ಕೆ ಕಾರಣವಿದೆ. ಹಾದಿ ಎಂಬುದು ಹೇಗೆ ಕೆಡುತ್ತದೆ, ಕೆಟ್ಟದ್ದನ್ನು ಯಾರು ಸರಿಪಡಿಸುತ್ತಾರೆ ಎಂಬುದನ್ನು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2005, 2019, 2021ರಲ್ಲಿ ಕೃಷ್ಣೆ ಉಕ್ಕಿ ಬಂದದ್ದನ್ನು ಈ ದಂಡೆ ಕಂಡಿದೆ. ಮಹಾಪೂರ ಇಳಿದ ಮೇಲೆ ಹೊಲದ ಹಾದಿಗಳ ಗುರುತು ಉಳಿಯುವುದಿಲ್ಲ; ಮಂಜೂರಾತಿ ಬರುವ ತನಕ ಕಾದು ಕೂತರೆ ಕಬ್ಬು ಕಾರ್ಖಾನೆ ಸೇರುವುದಿಲ್ಲ. ಯಾರಾದರೂ ನಾಲ್ಕು ಜನ ಸಲಿಕೆ ಹಿಡಿದು ಇಳಿಯಲೇಬೇಕು. ಅವರಿಗೆ ಕೂಲಿಯೂ ಇಲ್ಲ, ಹಾರವೂ ಇಲ್ಲ.

ಈ ಊರಿನ ಹುಡುಗನೊಬ್ಬ ಬೆಳಗಾವಿಯಲ್ಲಿ ಪದವಿ ಓದುತ್ತಿದ್ದಾನೆ ಎಂದುಕೊಳ್ಳಿ. ಒಂದು ದಿನ ಮನೆಗೆ ಬಂದವನು, ಎಂಟು ದಿನ ಕಾಡಿಗೆ ಹೋಗಿ ಅರಣ್ಯ ಇಲಾಖೆಯವರ ಜೊತೆ ಹಾದಿಗಳಲ್ಲಿ ನಡೆಯುವ ಕೆಲಸ ಮಾಡುತ್ತೇನೆ, ಸಂಬಳವಿಲ್ಲ, ಆದರೂ ಹೋಗಬೇಕು ಅನ್ನುತ್ತಾನೆ. ತಂದೆಯ ಮೊದಲ ಪ್ರಶ್ನೆ ಯಾವುದೆಂದು ಊಹಿಸಲು ಕಷ್ಟವಿಲ್ಲ. "ಅದರಿಂದ ಏನ್ ಬರ್ತದೋ? ಮಾರ್ಕ್ಸ್ ಕೊಡ್ತಾರೇನು?" ತಾಯಿಯದು ಬೇರೆಯೇ ಚಿಂತೆ. "ಕರಡಿ ಬಂದ್ರ ಏನ್ ಮಾಡ್ತಿ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ನಗರದ ಪರಿಸರಪ್ರೇಮಿಗಳು ಇಂಥ ಪ್ರಶ್ನೆಗಳಿಗೆ ನಕ್ಕುಬಿಡುತ್ತಾರೆ. ನಗುವಂಥದ್ದು ಅದರಲ್ಲಿ ಏನೂ ಇಲ್ಲ.

ಹುಡುಗ ಹೇಳುವ ಆ ಕೆಲಸ ಎಂಥದ್ದು? ದೇಶದ ಹುಲಿಗಳ ಎಣಿಕೆ 2006ರಿಂದ ನಾಲ್ಕು ವರ್ಷಕ್ಕೊಮ್ಮೆ ಹೊಸ ವಿಧಾನದಲ್ಲಿ ನಡೆಯುತ್ತ ಬಂದಿದೆ. ಮೊದಲ ಮೂರು ದಿನ ಕಾಡಿನ ಹಾದಿಗಳಲ್ಲಿ ದಿನಕ್ಕೆ ಐದು ಕಿಲೋಮೀಟರಿನಷ್ಟು ನಡೆದು ಹುಲಿ, ಚಿರತೆ, ಕರಡಿಗಳ ಹೆಜ್ಜೆ, ಲದ್ದಿ, ಉಗುರಿನ ಗೀರು ಗುರುತು ಹಾಕಿಕೊಳ್ಳಬೇಕು. ಆಮೇಲೆ ಎರಡು ಕಿಲೋಮೀಟರಿನ ಒಂದು ನೇರ ಗೆರೆಯ ಮೇಲೆ ಬೆಳಗಿನ ಜಾವ ಮೂರು ದಿನ ನಡಿಗೆ. ಕಾಣಿಸಿದ ಜಿಂಕೆ, ಕಡವೆ, ಕಾಟಿಗಳನ್ನು ಎಣಿಸಬೇಕು. ಅವು ಎಷ್ಟು ದೂರದಲ್ಲಿದ್ದವು, ಯಾವ ಕೋನದಲ್ಲಿದ್ದವು ಎಂಬುದನ್ನು ಉಪಕರಣ ಹಿಡಿದು ಬರೆದುಕೊಳ್ಳಬೇಕು. ಮಾತಿಲ್ಲ, ಬೀಡಿಯಿಲ್ಲ, ಸೆಲ್ಫಿಯಿಲ್ಲ. ಈ ಗೆರೆಯನ್ನು ಮುಂಚಿತವಾಗಿ ಸವರಿ ಇಡದಿದ್ದರೆ ಎಲ್ಲವೂ ವ್ಯರ್ಥ. ಒಣಗಿದ ತರಗೆಲೆಯ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದಾಗುತ್ತದೆ, ಪ್ರಾಣಿಗಳು ನಡೆಯುವವನಿಗಿಂತ ಮೊದಲೇ ಓಡಿಹೋಗುತ್ತವೆ, ಲೆಕ್ಕದಲ್ಲಿ ಕಾಡು ಬರಿದಾಗಿ ಕಾಣುತ್ತದೆ. ಮುಳ್ಳು ಕತ್ತರಿಸುವ, ಅಡ್ಡ ಬಿದ್ದ ಕೊಂಬೆ ಸರಿಸುವ ಆ ಕೈಕೆಲಸದ ಮೇಲೆ ದೇಶದ ದೊಡ್ಡ ಅಂಕಿ ನಿಂತಿದೆ. 2022ರ ಎಣಿಕೆಯಲ್ಲಿ ಕರ್ನಾಟಕದ ಹುಲಿಗಳು 563 ಎಂದು ನಾವೆಲ್ಲ ಓದಿದೆವು. ಆ ಅಂಕಿಯ ಹಿಂದೆ ಎಷ್ಟು ಕಾಲುಗಳು ನಡೆದಿರಬೇಕು!

ಗೆರೆಯ ಮೇಲೆ ನಡೆದು ಎಣಿಸುವ ಈ ಪದ್ಧತಿ ನಮ್ಮಲ್ಲಿ ಬೇರೂರಿದ್ದು ನಾಗರಹೊಳೆಯಲ್ಲಿ. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಎಂಜಿನಿಯರಿಂಗ್ ಓದಿದವರು. ಅದನ್ನು ಬಿಟ್ಟು ಪ್ರಾಣಿಶಾಸ್ತ್ರದತ್ತ ಹೊರಳಿ 1986ರಲ್ಲಿ ಅಲ್ಲಿ ಅಧ್ಯಯನ ಆರಂಭಿಸಿದರು. ಮುಂದಿನ ವರ್ಷಗಳಲ್ಲಿ ಕಾಲೇಜು ಹುಡುಗರು, ಉದ್ಯೋಗಸ್ಥರು, ಕಾಫಿ ಬೆಳೆಗಾರರು ರಜೆ ಹಾಕಿ ಬಂದು ಆ ಗೆರೆಗಳ ಮೇಲೆ ನಡೆದರು. ಪ್ರಾಣಿ ನೋಡುವ ಆಸೆಯಿಂದ ಬಂದವರು ಅಳೆಯುವ ಶಿಸ್ತನ್ನು ಕಲಿತು ಹೋದರು. ಮಾರ್ಕ್ಸ್ ಎಲ್ಲಿ ಎಂದು ಕೇಳುವ ತಂದೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ತೋರಿಸುವುದು ಕಷ್ಟ. ದೂರ ಮತ್ತು ಕೋನ ಕೂಡಿ ಉತ್ತರ ಕೊಡುವ ತ್ರಿಕೋನಮಿತಿಯನ್ನು ಕಪ್ಪುಹಲಗೆಯ ಮೇಲೆ ಬೈದುಕೊಂಡವನು, ಕಡವೆಯೊಂದು ಎದುರಿಗೆ ನಿಂತಾಗ ಅದೇ ಲೆಕ್ಕವನ್ನು ಉಸಿರು ಬಿಗಿಹಿಡಿದು ಮಾಡುತ್ತಾನೆ.

ಇನ್ನೊಂದು ಬಗೆಯ ಹಾದಿ ಇದೆ, ಅದು ನಡೆಯುವುದಕ್ಕಿಂತ ಹೆಚ್ಚಾಗಿ ತಡೆಯುವುದಕ್ಕೆ ಇರುವಂಥದ್ದು. ಬೇಸಗೆಗೆ ಮುನ್ನ ಕಾಡಿನ ದಾರಿಗಳ ಎರಡೂ ಮಗ್ಗುಲು ಹುಲ್ಲು, ಲಂಟಾನದ ಪೊದೆ ಕಡಿದು, ಒಣಗಿಸಿ, ಎಚ್ಚರದಿಂದ ಸುಟ್ಟು ಬೆಂಕಿರೇಖೆ ಮಾಡುತ್ತಾರೆ. ಒಂದು ಕಡೆ ಹತ್ತಿದ ಬೆಂಕಿ ಆ ಬೋಳು ಪಟ್ಟಿಯನ್ನು ದಾಟಲಾರದೆ ಸಾಯಬೇಕು ಎಂಬುದು ಲೆಕ್ಕಾಚಾರ. ಗಾಳಿ ಜೋರಾಗಿದ್ದರೆ ಆ ಲೆಕ್ಕ ತಪ್ಪುತ್ತದೆ. 2019ರ ಫೆಬ್ರುವರಿ ಕೊನೆಯಲ್ಲಿ ಬಂಡೀಪುರದಲ್ಲಿ ಐದು ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಮಿಕ್ಕಿ ಕಾಡು ಸುಟ್ಟಿತು, ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಮೈಸೂರು, ಬೆಂಗಳೂರುಗಳಿಂದ ಸ್ವಯಂಸೇವಕರು ಧಾವಿಸಿದರು. ಹಸಿ ಕೊಂಬೆ ಹಿಡಿದು ಬೆಂಕಿ ಬಡಿದವರು ಒಂದು ಕಡೆ, ಬಡಿಯುವವರಿಗೆ ನೀರು, ಊಟ ಸಾಗಿಸಿದವರು ಇನ್ನೊಂದು ಕಡೆ. ಈ ಎರಡನೆಯವರ ಕೆಲಸ ಸಣ್ಣದೆಂದು ತಿಳಿಯಬಾರದು. ಎರಡು ವರ್ಷ ಹಿಂದೆ, 2017ರ ಫೆಬ್ರುವರಿಯಲ್ಲಿ, ಅದೇ ಬಂಡೀಪುರದ ಬೆಂಕಿಯಲ್ಲಿ ಅರಣ್ಯ ರಕ್ಷಕನೊಬ್ಬ ಜೀವ ತೆತ್ತಿದ್ದ. ತರಬೇತಿ ಪಡೆದವನ ಗತಿಯೇ ಹೀಗಾದರೆ, ಉತ್ಸಾಹವೊಂದನ್ನೇ ಹೊತ್ತು ಬಂದವನನ್ನು ಜ್ವಾಲೆಯ ಮುಂದೆ ನಿಲ್ಲಿಸುವುದು ಸರಿಯಲ್ಲ. ಹುಡುಗರು ಬೇಕಾಗಿರುವುದು ಫೆಬ್ರುವರಿಯ ಬೆಂಕಿಗಲ್ಲ, ಡಿಸೆಂಬರಿನ ಕುಡುಗೋಲಿಗೆ. ಆದರೆ ಡಿಸೆಂಬರಿನಲ್ಲಿ ಪೊದೆ ಕಡಿಯುವವರ ಫೋಟೋ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ತಾಯಂದಿರ ಭಯಕ್ಕೂ ಇಲ್ಲಿಯೇ ಒಂದಿಷ್ಟು ಉತ್ತರವಿದೆ. ಕಾಡಿನ ಕೆಲಸವನ್ನು ಕಾಡಿನವರ ಹಿಂದೆ, ಅವರು ಹೇಳಿದ ಹೊತ್ತಿಗೆ, ಅವರು ಹೇಳಿದಷ್ಟೇ ಮಾಡುವವನಿಗೆ ಅಪಾಯ ಕಡಿಮೆ. ತನಗೇ ಎಲ್ಲ ಗೊತ್ತೆಂದು ಎರಡು ಹೆಜ್ಜೆ ಮುಂದೆ ಹೋಗುವವನ ಬಗ್ಗೆ ಹೆದರುವುದೇ ಒಳ್ಳೆಯದು.

ಜನ ಖುಷಿಗಾಗಿ ಹತ್ತುವ ಬೆಟ್ಟದ ಹಾದಿಗಳ ಕಥೆ ಬೇರೆ. 1712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಮ್ಮೆಗೇ ಹತ್ತಿದರು. ಜಾತ್ರೆಯ ಸಾಲಿನಂತೆ ನಿಂತ ಆ ಜನರ ಚಿತ್ರಗಳು ಎಲ್ಲೆಡೆ ಹರಡಿದವು. ಸರಕಾರ ಕೆಲವು ತಿಂಗಳು ಚಾರಣವನ್ನೇ ನಿಲ್ಲಿಸಿ, ಅದೇ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣದ ಮೂಲಕ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ತಂದಿತು, ಒಂದು ಹಾದಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ಪ್ಲಾಸ್ಟಿಕ್ಕಿನ ಹಾವಳಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಚೀಲ ಹಿಡಿದು ಹೆಕ್ಕುವ ಯುವಕರ ಗುಂಪುಗಳೂ ಬೇಕಾದಷ್ಟಿವೆ. ಕಣ್ಣಿಗೆ ಬೀಳದ ಹಾನಿ ಮಣ್ಣಿನದು. ಮಧ್ಯದಲ್ಲಿ ಕೆಸರಾಯಿತೆಂದು ಒಬ್ಬ ಬದಿಯ ಹುಲ್ಲು ತುಳಿಯುತ್ತಾನೆ, ಹಿಂದೆ ಬಂದವನು ಅದರಾಚೆ ತುಳಿಯುತ್ತಾನೆ. ಒಂದು ಗೇಣಿನ ಕಾಲುಹಾದಿ ಎರಡು ಮಳೆಗಾಲದಲ್ಲಿ ಗಾಡಿದಾರಿಯಷ್ಟು ಅಗಲವಾಗುತ್ತದೆ. ಬೇರು ಸತ್ತ ಮಣ್ಣಿನ ಮೇಲೆ ಮಳೆ ಬಿದ್ದರೆ ಹಾದಿಯೇ ಹಳ್ಳ.

ಇಲ್ಲಿ ಜುಗೂಳದ ಹುಡುಗನಿಗೆ ಕಾಲೇಜಿನ ವಿದ್ಯೆಗಿಂತ ತಂದೆಯ ವಿದ್ಯೆಯೇ ಹೆಚ್ಚು ಉಪಯೋಗ. ಇಳಿಜಾರಿನ ಹಾದಿಯಲ್ಲಿ ನೀರನ್ನು ನಿಲ್ಲಿಸಲು ಹೋಗಬಾರದು, ಹೊರಗೆ ಕಳಿಸಬೇಕು. ಅದಕ್ಕಾಗಿ ಅಲ್ಲಲ್ಲಿ ಕಲ್ಲನ್ನೋ ಮರದ ತುಂಡನ್ನೋ ಹೂತು ಅಡ್ಡಗಟ್ಟು ಮಾಡುತ್ತಾರೆ. ಅದನ್ನು ನೇರ ಅಡ್ಡ ಇಟ್ಟರೆ ನೀರು ಮಡುಗಟ್ಟಿ ಮೇಲಿಂದ ಹಾರುತ್ತದೆ. ತುಸು ಓರೆಯಾಗಿ ಇಟ್ಟರೆ ತಾನಾಗಿ ಬದಿಗೆ ಸರಿದು ಹುಲ್ಲಿನೊಳಗೆ ಇಂಗುತ್ತದೆ. ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ಎದ್ದು ಕಬ್ಬಿಗೆ ನೀರು ಹಾಯಿಸಿದವನಿಗೆ, ಎಲ್ಲಿ ಒಂದು ಸಲಿಕೆ ಮಣ್ಣು ಹಾಕಿದರೆ ನೀರು ಎತ್ತ ಹೊರಳುತ್ತದೆ ಎಂಬುದು ಕತ್ತಲಲ್ಲೂ ಗೊತ್ತು. ನಗರದಿಂದ ಬಂದವನು ಇದನ್ನು ಪುಸ್ತಕ ಓದಿ ಕಲಿಯಬೇಕು.

ಅಮೆರಿಕದ ಅಪಲೇಚಿಯನ್ ಕಾಲುಹಾದಿ ಹದಿನಾಲ್ಕು ರಾಜ್ಯಗಳನ್ನು ಹಾಯ್ದು ಸುಮಾರು 3500 ಕಿಲೋಮೀಟರ್ ಉದ್ದ ಹೋಗುತ್ತದೆ. 1921ರಲ್ಲಿ ಬೆಂಟನ್ ಮೆಕೆ ಎಂಬಾತ ಅದರ ಕನಸನ್ನು ಬರೆದ. 1937ರಲ್ಲಿ ಹಾದಿ ಮುಗಿಯಿತು. ಇಂದಿಗೂ ಅದನ್ನು ಮೂವತ್ತರಷ್ಟು ಸಂಘಗಳು ಪಾಲು ಹಂಚಿಕೊಂಡು ನೋಡಿಕೊಳ್ಳುತ್ತಿವೆ. ತನ್ನ ಪಾಲಿನ ನಾಲ್ಕಾರು ಕಿಲೋಮೀಟರಿಗೆ ವರ್ಷ ವರ್ಷವೂ ಬಂದು ಸವರಿಹೋಗುವ ಮುದುಕರು ಅಲ್ಲಿ ಇದ್ದಾರೆ. ನಮ್ಮಲ್ಲಿ ಒಂದು ದಿನದ ಶ್ರಮದಾನಕ್ಕೆ ಬ್ಯಾನರು ಕಟ್ಟುವವರು ಬಹಳ, ಅದೇ ಹಾದಿಗೆ ಹತ್ತು ವರ್ಷ ಬರುವವರು ವಿರಳ. ಹಾಗೆಂದು ಅವರ ಮಾದರಿಯನ್ನೇ ಇಲ್ಲಿ ತಂದು ನೆಡುವಂತಿಲ್ಲ. ನಮ್ಮ ಕಾಡುಗಳಲ್ಲಿ ಹಾದಿ ಎಂಬುದು ಎರಡಲಗಿನ ಕತ್ತಿ. ಸವರಿದ ಹಾದಿಯಲ್ಲಿ ಗಸ್ತಿನ ಕಾವಲುಗಾರ ನಡೆಯುತ್ತಾನೆ. ಉರುಳು ಹಾಕುವವನೂ ಅದೇ ಹಾದಿಯಲ್ಲಿ ನಡೆಯುತ್ತಾನೆ. ಕೆಲವೊಮ್ಮೆ ಒಂದು ಹಾದಿಗೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಅದರ ಬಾಯಿಗೆ ಮುಳ್ಳು ಅಡ್ಡ ಹಾಕಿ, ಕಾಡು ಮತ್ತೆ ಕೂಡಿಕೊಳ್ಳಲು ಬಿಡುವುದು. ಇದು ಹುಮ್ಮಸ್ಸಿನ ಹುಡುಗರಿಗೆ ಒಗ್ಗುವುದು ಕಷ್ಟ.

ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮವಿದೆ, ವಿಸ್ತಾರ 190 ಚದರ ಕಿಲೋಮೀಟರ್. ಮಹದಾಯಿ ಹುಟ್ಟುವುದು ಆ ಕಾಡಿನ ಸೀಮೆಯಲ್ಲಿ. ಅದರೊಳಗಿನ ಹಳ್ಳಿಗಳಿಗೆ ಕಾಲುಹಾದಿ ಹವ್ಯಾಸವಲ್ಲ, ಜೀವ. ಮಳೆಗಾಲಕ್ಕೆ ಮುನ್ನ ಹಳ್ಳಕ್ಕೆ ಮರದ ದಿಮ್ಮಿ ಅಡ್ಡ ಹಾಕಿ ಕಾಲುಸಂಕ ಕಟ್ಟಿಕೊಳ್ಳುವವರು ಆ ಊರಿನವರೇ. 2024ರ ಮಳೆಗಾಲದಲ್ಲಿ ಅಲ್ಲಿಯ ಹಳ್ಳಿಯೊಂದರಿಂದ ಅಸ್ವಸ್ಥ ಮಹಿಳೆಯೊಬ್ಬರನ್ನು ಕಟ್ಟಿಗೆಯ ಡೋಲಿಯಲ್ಲಿ ಮಲಗಿಸಿ, ಸುರಿಯುವ ಮಳೆಯಲ್ಲಿ ಕಿಲೋಮೀಟರುಗಟ್ಟಲೆ ಹೊತ್ತು ತಂದರು. ಆ ಹೆಗಲುಗಳಿಗೆ ಸ್ವಯಂಸೇವಕರೆಂಬ ಹೆಸರನ್ನು ಯಾರೂ ಕೊಡಲಿಲ್ಲ. 2025ರಲ್ಲಿ ಒಳಗಿನ ತಳೇವಾಡಿಯ ಕುಟುಂಬಗಳು ಪರಿಹಾರ ಪಡೆದು ಹೊರಬರಲು ಒಪ್ಪಿದವು. ಅವರು ಹೊರಟ ಮೇಲೆ ತಲೆಮಾರುಗಳಿಂದ ತುಳಿದ ಹಾದಿಗಳಲ್ಲಿ ಯಾವುದನ್ನು ಗಸ್ತಿಗೆ ಉಳಿಸಬೇಕು, ಯಾವುದನ್ನು ಕಾಡಿಗೆ ಬಿಟ್ಟುಕೊಡಬೇಕು? ಅದನ್ನು ಹೇಳಬಲ್ಲವರು ಅವರೇ. ಕಾಲೇಜಿನ ಹುಡುಗರು ಒಂದು ವಹಿ ಹಿಡಿದು ಆ ಹಿರಿಯರ ಜೊತೆ ನಡೆದು, ಯಾವ ಹಾದಿ ಎಲ್ಲಿಗೆ, ಯಾವ ತಿರುವಿಗೆ ಯಾವ ಹೆಸರು ಎಂದು ಬರೆದಿಟ್ಟರೂ ಅದು ಹಾದಿಯ ಕೆಲಸವೇ.

ಪಾಲಕರು ತಿಳಿದಿರಬೇಕಾದದ್ದು ಇಷ್ಟಿದೆ. ಅನುಮತಿ ಇಲ್ಲದೆ ವನ್ಯಧಾಮದೊಳಗೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಇಲಾಖೆ ಕರೆದಾಗ ಅರ್ಜಿ ಹಾಕಬೇಕು, ಸಾಮಾನ್ಯವಾಗಿ ಹದಿನೆಂಟು ತುಂಬಿರಬೇಕು. ಅದಕ್ಕಿಂತ ಚಿಕ್ಕವರಿದ್ದರೆ ಒಂದು ಭಾನುವಾರ ಸಾಂಗಲಿ ಜಿಲ್ಲೆಯ ಸಾಗರೇಶ್ವರಕ್ಕೆ ಕರೆದುಕೊಂಡು ಹೋಗಬಹುದು, ಜುಗೂಳದಿಂದ ದೂರವೇನಲ್ಲ. ಅದೂ ಕೃಷ್ಣೆಯ ಕಣಿವೆಯೇ. ಬೋಳು ಗುಡ್ಡಗಳ ಮೇಲೆ ಧೋಂಡಿರಾಮ ಮೋಹಿತೆಯವರಂಥವರು ಪಟ್ಟುಹಿಡಿದು ಮರ ಬೆಳೆಸಿ, ಬೇಲಿ ಹಾಕಿಸಿ, ಜಿಂಕೆ ಬಿಡಿಸಿ, 1985ರಲ್ಲಿ ಅಭಯಾರಣ್ಯವಾದ ಹತ್ತು ಚದರ ಕಿಲೋಮೀಟರಿಗೆ ತುಸು ಮಿಕ್ಕಿದ ಕಾಡು ಅದು. ಅಲ್ಲಿಗೆ ಹೊರಡುವ ಮುನ್ನ ಮಕ್ಕಳ ಬೂಟಿನ ಅಡಿಗಳನ್ನು ಅಂಗಳದಲ್ಲೇ ಬ್ರಷ್ಷಿನಿಂದ ಉಜ್ಜಿಸಿ. ಜುಗೂಳದ ಬದುವಿನ ಮೇಲಿನ ಕಾಂಗ್ರೆಸ್ ಕಸದ ಬೀಜ ಆ ಮಣ್ಣಿಗೆ ಅಂಟಿಕೊಂಡಿರುತ್ತದೆ.