ಮಳೆಗೆರೆಯ ಆಚೆ

ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ನಾನು ಬೇಲಿಗಂಬದ ಮುಂದೆ ಹಾಜರು. ಕಂಬಕ್ಕೆ ಸಿಕ್ಕಿಸಿರುವ ಮಳೆಮಾಪಕದೊಳಗೆ ಇಣುಕಿ, ಕಂಡದ್ದನ್ನು ಅಡುಗೆಮನೆಯ ಪುಸ್ತಕದಲ್ಲಿ ಬರೆಯುವುದು ಇಲ್ಲಿ ನನಗೆ ಒಪ್ಪಿಸಿರುವ ಮೊದಲ ಕೆಲಸ. ಇವತ್ತು ತಳದಲ್ಲಿ ಒಂದು ಸತ್ತ ಇರುವೆ, ಅಷ್ಟೇ. ಅಷ್ಟರಲ್ಲಿ ನೆತ್ತಿಯ ಮೇಲೆ ಗಲಾ ಹಕ್ಕಿಗಳ ದೊಡ್ಡ ಹಿಂಡು ಕಿರುಚುತ್ತ ಬರುತ್ತದೆ. ಬರುವಾಗ ಬರೀ ಬೂದಿಬಣ್ಣ. ಒಮ್ಮೆಗೇ ಹೊರಳಿದಾಗ ಎಲ್ಲವೂ ಗುಲಾಬಿ! ಕತ್ತೆತ್ತಿ ನಿಂತವಳಿಗೆ ಕೆಲಸವೇ ಮರೆತುಹೋಗುತ್ತದೆ. “ಸೊನ್ನೆ ತಾನೇ?” ಎಂದು ಮನೆಯೊಡತಿ ಕಿಟಕಿಯಿಂದ ಕೂಗುತ್ತಾರೆ.

ಇದು ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಸಾಲು. ಕ್ವಾರ್ನ್ ಮತ್ತು ಹಾಕರ್ ಎಂಬ ಪುಟ್ಟ ಊರುಗಳ ನಡುವೆ, ಕುರಿ ಸಾಕುವ ವೃದ್ಧ ದಂಪತಿಯ ಮನೆ. ದಿನಕ್ಕೆ ನಾಲ್ಕೈದು ಗಂಟೆ ಕೈಜೋಡಿಸಿದರೆ ಊಟ, ಹಾಸಿಗೆ ಅವರದು. ಉಳಿದ ಹೊತ್ತು ನನ್ನದು. ನಮ್ಮ ನಡುವೆ ದುಡ್ಡಿನ ಮಾತಿಲ್ಲ.

ಯಜಮಾನರ ಜೊತೆ ‘ಯೂಟ್’ ಗಾಡಿ ಹತ್ತುತ್ತೇನೆ. ಹಿಂದೆ ತೆರೆದ ತೊಟ್ಟಿಯಲ್ಲಿ ತಂತಿ ಸುರುಳಿ, ಇಕ್ಕಳ, ಕೆಲ್ಪಿ ನಾಯಿ. ಕೆಂಪು ಧೂಳು ನಮ್ಮ ಬೆನ್ನಟ್ಟಿ ಬರುತ್ತದೆ. ಕಣ್ಣು ಹಾಯುವಷ್ಟು ದೂರ ಬೆಳ್ಳಿ ಬೆರೆತ ನೀಲಿ ಪೊದೆಗಳು. ಒಂದು ಎಲೆ ಕಿತ್ತು ಕೊಟ್ಟು, “ಅಗಿದು ನೋಡು” ಎನ್ನುತ್ತಾರೆ. ಉಪ್ಪು! ಇದೇ ಸಾಲ್ಟ್‌ಬುಷ್, ಬರಗಾಲದಲ್ಲಿ ಕುರಿಗಳ ಜೀವ ಹಿಡಿಯುವ ಮೇವು. ಸಡಿಲಗೊಂಡ ತಂತಿಯನ್ನು ಎಳೆದು ಬಿಗಿದಾಗ ಅದು ತಂಬೂರಿಯಂತೆ ಝೇಂಕರಿಸುತ್ತದೆ. ಹತ್ತೂವರೆಗೆ ‘ಸ್ಮೋಕೋ’, ಅಂದರೆ ಕೆಲಸದ ನಡುವಿನ ಚಹಾ.

ಚಹಾಕ್ಕೆ ಕೂರುವುದು ಒಣಹೊಳೆಯ ಮರಳಿನಲ್ಲಿ. ಅಲ್ಲಿ ನಾನು ಬೆಚ್ಚುತ್ತೇನೆ. ಈ ವಾಸನೆ ನನಗೆ ಗೊತ್ತು! ಎಲೆ ಉಜ್ಜಿ ಮೂಗಿಗೆ ಹಿಡಿದರೆ ನೆಗಡಿಗೆ ಅಮ್ಮ ಹಚ್ಚುತ್ತಿದ್ದ ಎಣ್ಣೆಯ ನೆನಪು. ನಮ್ಮ ನೀಲಗಿರಿಯ ಬಳಗ! ನಾನು ಕೋಲಾರದವಳು. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆನ್ನುವ ಈ ಮರಕ್ಕೆ ನೀಲಗಿರಿ ಬೆಟ್ಟದ ಹೆಸರನ್ನೇ ಇಟ್ಟುಕೊಂಡೆವು. ಮುಂದೆ ಹೊಲಹೊಲಗಳಲ್ಲಿ ಸಾಲುಸಾಲಾಗಿ ನೆಟ್ಟೆವು. ಕೊಳವೆಬಾವಿ ಬತ್ತಿದಾಗ ‘ನೀರು ಕುಡಿಯುವ ಮರ’ವೆಂದು ಬೈದೆವು. 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಇಲ್ಲಿ ಅದೇ ಬಳಗದ ರೆಡ್ ಗಮ್, ನಾಲ್ವರು ಕೈಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ. ಕಾಂಡದ ಮೇಲೆ ಕೆನೆ, ಕಿತ್ತಳೆ, ಬೂದಿಯ ತೇಪೆಗಳು. ಪೊಟರೆಗಳಲ್ಲಿ ಗಿಳಿಗಳ ಜಗಳ. “ಈ ಮರಗಳ ಸಾಲು ನೋಡಿಕೋ. ಮರಳಿನಡಿ ನೀರು ಹರಿಯುವ ದಾರಿ ಅದೇ” ಎನ್ನುತ್ತಾರೆ ಯಜಮಾನರು. ನಮ್ಮೂರಲ್ಲಿ ಕಳ್ಳನೆನಿಸಿಕೊಂಡ ಮರ ಇಲ್ಲಿ ನೀರಿನ ಗುರುತು ಹೇಳುತ್ತಿದೆ.

ಮಧ್ಯಾಹ್ನ ಕನ್ಯಾಕಾ ಎಂಬ ಹಳೆಯ ಕುರಿಬೀಡಿನ ಪಾಳು ನೋಡಲು ಹೋಗುತ್ತೇನೆ. ಸೂರಿಲ್ಲದ ಕಲ್ಲುಗೋಡೆಗಳು, ಆಕಾಶಕ್ಕೆ ಬಾಯ್ದೆರೆದ ಒಲೆಗೂಡು, ಅದರೊಳಗೆ ಬಿಸಿಲು ಕಾಯುವ ಹಲ್ಲಿ. ಈ ಬೀಡನ್ನು ಶುರುಮಾಡಿದ ಹ್ಯೂ ಪ್ರೋಬಿ 1852ರಲ್ಲಿ ತೀರಿಕೊಂಡ. ಬಾಯಾರಿ ಅಲ್ಲ, ದಿಢೀರನೆ ಬಂದ ಹೊಳೆಯ ನೆರೆಗೆ ಸಿಕ್ಕಿ! ಹತ್ತು-ಹನ್ನೆರಡು ವರ್ಷಗಳಲ್ಲಿ ಬರ ಬಂತು, ಕುರಿಗಳು ಸಾವಿರಗಟ್ಟಲೆ ಸತ್ತವು.

ಆ ಬರ ಎಲ್ಲಿಯವರೆಗೆ ಹಬ್ಬಿದೆ ಎಂದು ನೋಡಿ ಬರಲು 1865ರಲ್ಲಿ ಕುದುರೆ ಏರಿ ಹೊರಟವನು ಜಾರ್ಜ್ ಗಾಯ್ಡರ್, ಭೂಮಾಪನ ಇಲಾಖೆಯ ಮುಖ್ಯಸ್ಥ. ಮಳೆಯ ದಾಖಲೆಗಳು ಆಗಿನ್ನೂ ಅಲ್ಪ. ಅವನು ಗಿಡಗಳನ್ನು ಓದಿದ. ಕುರುಚಲು ಮರಗಳು ಮುಗಿದು ಸಾಲ್ಟ್‌ಬುಷ್ ಶುರುವಾಗುವ ಕಡೆ ನಕ್ಷೆಯ ಮೇಲೆ ಗೆರೆ ಎಳೆದ. ಗೆರೆಯ ಆಚೆ ಕುರಿ ಮೇಯಬಹುದು, ಗೋಧಿಯನ್ನು ನೆಚ್ಚಬಾರದು. 1870ರ ದಶಕದಲ್ಲಿ ಕೆಲವು ವರ್ಷ ಚೆನ್ನಾಗಿ ಮಳೆಯಾದದ್ದೇ ತಡ, ನೇಗಿಲು ಹೋದಲ್ಲಿಗೆ ಮಳೆಯೂ ಬರುತ್ತದೆಂದು ಜನ ನಂಬಿ ಗೆರೆ ದಾಟಿದರು. 1880ರ ದಶಕದ ಬರ ಅವರನ್ನು ವಾಪಸು ಕಳಿಸಿತು. ಹಾದಿಯ ಬದಿಯಲ್ಲಿ ಅವರು ಬಿಟ್ಟುಹೋದ ಮನೆಗಳು ಇನ್ನೂ ನಿಂತಿವೆ.

ರಜೆಯ ದಿನ ಉತ್ತರಕ್ಕೆ, ವಿಲ್ಪೀನಾ ಪೌಂಡ್‌ಗೆ. ಬೆಟ್ಟಗಳೇ ಸುತ್ತುಗೋಡೆಯಾದ ದೈತ್ಯ ಬೋಗುಣಿ. ಸಂಜೆಗೆ ಅದರ ಅಂಚು ಕುಂಕುಮ, ಆಮೇಲೆ ನೇರಳೆ. ಈ ನೆಲದ ಅದ್ನ್ಯಮಥನ್ಹಾ ಜನ ಇದನ್ನು ‘ಇಕರಾ’ ಎನ್ನುತ್ತಾರೆ, ಕೂಡುವ ಜಾಗ ಎಂದರ್ಥ. ಇಲ್ಲಿ ಸೇರಿದ್ದ ಜನರನ್ನು ಎರಡು ಅಕುರ್ರಾ ಸರ್ಪಗಳು ಸುತ್ತುವರಿದು ನುಂಗಿದವಂತೆ. ಆ ಸರ್ಪಗಳ ಮೈಯೇ ಈ ಗೋಡೆಗಳು. ಸೇಂಟ್ ಮೇರಿ ಶಿಖರದ ತುದಿ ಹತ್ತಬೇಡಿ ಎಂದು ಅವರು ಕೇಳಿಕೊಳ್ಳುತ್ತಾರೆ. ನಾನು ಕೆಳಗಿನ ಕಣಿವೆಬಾಯಿಂದಲೇ ಹಿಂದಿರುಗುತ್ತೇನೆ.

ಹೊರಡುವ ದಿನ ಬೆಳಗ್ಗೆ ಮತ್ತೆ ಬೇಲಿಗಂಬ, ಮತ್ತೆ ಖಾಲಿ ಮಾಪಕ. ಮಳೆಪುಸ್ತಕ ತಿರುವುತ್ತೇನೆ. ಮೂರು ತಲೆಮಾರಿನ ಕೈಬರಹ, ಪುಟಗಟ್ಟಲೆ ಸೊನ್ನೆ. “ಮಳೆ ಇಲ್ಲದ ದಿನ ಹಾಗೇ ಬಿಟ್ಟರೆ ಆಗದೆ?” ಎಂದು ಕೇಳುತ್ತೇನೆ. ಮನೆಯೊಡತಿ ಲೇಖನಿ ಚಾಚುತ್ತಾರೆ: “ಜಾಗ ಖಾಲಿ ಬಿಟ್ಟರೆ ಯಾರೂ ನೋಡಲಿಲ್ಲ ಅಂತ. ಸೊನ್ನೆ ಬರೆದರೆ, ನೋಡಿದ್ದೇವೆ ಅಂತ.”

ನಾನು ದುಂಡಗೆ ಒಂದು ಸೊನ್ನೆ ಬರೆಯುತ್ತೇನೆ.